ಮೊದಲು ಮುದ್ರೆ, ಆಮೇಲೆ ಪತ್ರ

ದೇವದುರ್ಗ
೯ ಜೂನ್ ೨೦೨೫, ಸೋಮವಾರ

ತಂಗಿ ಸುನಂದಾ,

ಕೈಯಲ್ಲಿ ಫೋನು ಇಟ್ಟುಕೊಂಡು ಅಣ್ಣ ಪತ್ರ ಯಾಕೆ ಬರೆದ ಎಂದು ನಗುತ್ತಿರಬಹುದು. ನಗು. ಮೊನ್ನೆ ಫೋನಿನಲ್ಲಿ ನಾನು "ಹೆಂಗದೀಯವ್ವಾ" ಎಂದೆ, ನೀನು "ಆರಾಮ" ಎಂದೆ. ನೀನು "ನೀ ಹೆಂಗದೀ" ಎಂದೆ, ನಾನೂ "ಆರಾಮ" ಎಂದೆ. ಅಷ್ಟಕ್ಕೇ ಮುಗಿಯಿತು. ಪಕ್ಕದಲ್ಲಿ ಕುಳಿತಿದ್ದ ನಿನ್ನ ಅತ್ತಿಗೆ ಶೈಲಜಾ, "ಅಣ್ಣ ತಂಗಿ ಸುಳ್ಳು ಹೇಳಿಕೊಳ್ಳಾಕ ರೀಚಾರ್ಜ್ ಮಾಡಿಸೀರೇನ್ರಿ?" ಎಂದು ಕೇಳಿದಳು. ಅವಳ ಮಾತು ಹೌದೆನ್ನಿಸಿತು. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ದುಡಿದವನ ಅನುಭವ ಕೇಳು: ಬಾಯಲ್ಲಿ ಸುಳ್ಳು ಸಲೀಸಾಗಿ ಬರುತ್ತದೆ, ಕಾಗದದ ಮೇಲೆ ಬರೆಯಲು ಹೋದರೆ ಎಲ್ಲೋ ಒಂದು ಕಡೆ ಎಡವುತ್ತದೆ.

ಮೇ ತಿಂಗಳಲ್ಲಿ ರಾಯಚೂರಿನ ಡಾಕ್ಟರ ಮುಂದೆ ಒಂದೇ ಬೆಂಚಿನ ಮೇಲೆ ಕುಳಿತು ಇಬ್ಬರೂ ಶುಗರಿನ ಚೀಟಿ ತಗೊಂಡೆವಲ್ಲ, ಅಂದಿನಿಂದ ನನಗೆ ಒಂದೇ ಯೋಚನೆ. ಅವರು ನನ್ನ ಅಂಗಾಲಿಗೆ ಸಣ್ಣ ತಂತಿ ಒತ್ತಿ "ತಿಳೀತೇನ್ರಿ?" ಎಂದಾಗ ನಾನು "ಯಾವಾಗ ಒತ್ತಿದ್ರಿ?" ಎಂದು ಕೇಳಿದೆ. ಅವರು ನಗಲಿಲ್ಲ. "ನಿಮಗ ಗಾಯ ಆದ್ರೂ ಗೊತ್ತಾಗಂಗಿಲ್ಲ. ದಿನಾ ಪಾದ ನೋಡ್ಕೋರಿ, ಮೂರು ತಿಂಗಳಿಗೊಮ್ಮೆ ನನಗ ತೋರಿಸ್ರಿ. ಅಲಕ್ಷ್ಯ ಮಾಡಿದವರ ಕಾಲು ಭಾಳ ತಗದೀನಿ" ಎಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಒಪ್ಪಂದ. ಹದಿನೈದು ದಿನಕ್ಕೊಂದು ಪತ್ರ. ನಾಲ್ಕು ಪ್ರಶ್ನೆಗೆ ಉತ್ತರ: ನಡೆದೆಯಾ, ಏನು ಉಂಡೆ, ಎಷ್ಟು ಹೊತ್ತು ಮಲಗಿದೆ, ಯಾರ ಮೇಲೆ ಸಿಟ್ಟಾದೆ. ನನಗೆ ಐದನೆಯದೂ ಉಂಟು, ಪಾದ. ನಿನ್ನೆ ಹಾಜರಿ ಕೂಗಿದೆ. ಬೆರಳುಗಳು ಹತ್ತೂ ಹಾಜರ್.

ನಿನ್ನ ಯಜಮಾನರು ಅಂಬರೀಶರ ಮಿಲ್ಲಿನ ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಮನೆ ಹೇಗೆ ನಡೆದಿದೆ ಎಂದು ಕೇಳಿದರೆ ಮಾತು ಹಾರಿಸುತ್ತೀಯ. ಈ ಸಲ ಬರೆ. ಮೇಘಾಗೆ ಆಶೀರ್ವಾದ, ಅಂಬರೀಶರಿಗೆ ನಮಸ್ಕಾರ. ನಿನಗೆ ಎರಡೂ ಇಲ್ಲ, ಉತ್ತರ ಬಂದ ಮೇಲೆ ನೋಡೋಣ.

ನಿನ್ನ ಅಣ್ಣ
ಮರಿಸ್ವಾಮಿ

~

ರಾಯಚೂರು
೧೮ ಜೂನ್ ೨೦೨೫

ಪೋಸ್ಟ್ ಮಾಸ್ತರ ಅಣ್ಣನಿಗೆ,

ನಿವೃತ್ತಿಯಾದರೂ ಇಲಾಖೆಯ ಗಿರಾಕಿ ಕಡಿಮೆಯಾಗಬಾರದೆಂದು ತಂಗಿಯನ್ನೇ ಹಿಡಿದೆಯಲ್ಲ. ಇರಲಿ, ನಿನ್ನ ಪರೀಕ್ಷೆಗೆ ಉತ್ತರ ಬರೆಯುತ್ತಿದ್ದೇನೆ.

ನಡಿಗೆ ತಪ್ಪಿಲ್ಲ. ದಿನಾ ಬೆಳಿಗ್ಗೆ ಮಾವಿನಕೆರೆ ದಂಡೆಯ ಮೇಲೆ ನಲವತ್ತು ನಿಮಿಷ. ಊಟಕ್ಕೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಮಧ್ಯಾಹ್ನ ಅಂಗೈಯಷ್ಟು ಅನ್ನ. ಚಹಾದ ಸಕ್ಕರೆ ಬಿಟ್ಟೆ. ಮೊದಲ ವಾರ ಬಿಸಿನೀರು ಕುಡಿದಂತಾಗುತ್ತಿತ್ತು, ಈಗ ಚಹಾಪುಡಿಗೂ ಒಂದು ರುಚಿ ಇದೆ ಎಂದು ಗೊತ್ತಾಗಿದೆ. ನಿದ್ದೆ ಆರು ತಾಸು. ಸಿಟ್ಟು ಮಾತ್ರ ಇವರ ಮೇಲೆ. ಇಪ್ಪತ್ತೆರಡು ವರ್ಷ ಅಕ್ಕಿ ಮಿಲ್ಲಿನ ಗುಮಾಸ್ತರಾಗಿದ್ದವರು ಈಗ ನನ್ನ ಅಡುಗೆಮನೆಯ ಗುಮಾಸ್ತರು. ಸಾಸಿವೆ ಡಬ್ಬಿ ಜೀರಿಗೆಯ ಜಾಗದಲ್ಲಿ ಯಾಕಿದೆ ಎಂದು ವಿಚಾರಣೆ ಮಾಡುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು. ದಿನಾ ಏಳಕ್ಕೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗಿನ ಕುರ್ಚಿಯಲ್ಲಿ ಕೂರುತ್ತಾರೆ, ಯಾರೋ ಕರೆಯಲು ಬರುವವರಿದ್ದಾರೆ ಎಂಬಂತೆ.

ಮನೆ ನಡೆದಿದೆ. ಮೇಘಾಳ ಬಿ.ಎಡ್. ಫೀಸೂ ಕಟ್ಟಿದ್ದಾಯಿತು. ಹೇಗೆ ಎಂದು ಕೇಳಬೇಡ, ಅದು ನಿನ್ನ ನಾಲ್ಕು ಪ್ರಶ್ನೆಯಲ್ಲಿ ಇಲ್ಲ.

ಮೌನೇಶ ನಿನಗೆ ನಡಿಗೆಯ ಬೂಟು ಕೊಡಿಸಿದ್ದಾನಂತೆ. ಬಣ್ಣ ಯಾವುದು?

ಸುನಂದಾ

~

ದೇವದುರ್ಗ
೨೭ ಜೂನ್ ೨೦೨೫

ತಂಗಿ,

ಬಣ್ಣ ನೀಲಿ, ಸುತ್ತ ಹಸಿರು ಪಟ್ಟಿ. ನನ್ನ ಮಗನಿಗೆ ಅಪ್ಪನ ಅಳತೆಯೂ ಗೊತ್ತಿಲ್ಲ, ಅಪ್ಪನ ವಯಸ್ಸೂ ಗೊತ್ತಿಲ್ಲ. ಸ್ವಲ್ಪ ಬಿಗಿ. ಆದರೆ ಅವನ ಮೊಬೈಲ್ ಅಂಗಡಿ ಕುಂಟುತ್ತಿರುವಾಗ ಪ್ರೀತಿಯಿಂದ ತಂದ ಬೂಟನ್ನು ಬದಲಿಸು ಎನ್ನಲು ಮನಸ್ಸಾಗಲಿಲ್ಲ. ಹಾಕಿಕೊಂಡು ಬಸ್ ನಿಲ್ದಾಣದ ಮುಂದೆ ಹೊರಟರೆ ಟೇಲರ್ ಪೀರಾ ಸಾಬ್ ಹೊಲಿಗೆ ನಿಲ್ಲಿಸಿ, "ಮಾಸ್ತರ್ ಸಾಹೇಬ್ರು ಓಟದಾಗ ನಿಂತೀರೇನ್ರಿ?" ಎನ್ನುತ್ತಾನೆ.

ಈಗ ಮುಖ್ಯ ವಿಷಯ. ಕುರ್ಡಿಯ ನಮ್ಮ ಮನೆಯ ಮುಂದಿನ ಕೋಣೆಯೇ ಊರಿನ ಅಂಚೆ ಕಚೇರಿಯಾಗಿದ್ದಾಗ ಅಪ್ಪ ನಮಗೆ ಹೇಳಿಕೊಟ್ಟದ್ದು ನೆನಪಿದೆಯೇ? ಪತ್ರ ಕೈಗೆ ಬಂದರೆ ಮೊದಲು ಮುದ್ರೆ ಓದಬೇಕು, ಆಮೇಲೆ ಪತ್ರ. ಒಳಗೆ ಮನುಷ್ಯ ಏನು ಬೇಕಾದರೂ ಬರೆಯಬಹುದು, ಹೊರಗಿನ ಮುದ್ರೆ ಮಾತ್ರ ಎಲ್ಲಿ ಬಿತ್ತೋ ಆ ಊರಿನ ಹೆಸರನ್ನೇ ಹೇಳುತ್ತದೆ.

ನಿನ್ನ ಪತ್ರದ ತಲೆಯ ಮೇಲೆ ರಾಯಚೂರು ಎಂದಿದೆ. ಮುದ್ರೆ ಮಾನ್ವಿಯದು.

ನಾನು ಎರಡು ದಿನದಿಂದ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೇನೆ. ರಾಯಚೂರಿನ ಡಬ್ಬಿಗೆ ಬಿದ್ದ ಪತ್ರ ಮಾನ್ವಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುವ ದಾರಿ ನಮ್ಮ ಇಲಾಖೆಯಲ್ಲಿ ಇಲ್ಲವೇ ಇಲ್ಲ. ಚೀಲ ತಪ್ಪಿತೇ ಎಂದುಕೊಂಡೆ, ತಪ್ಪಿದರೂ ಮುದ್ರೆ ತಪ್ಪುವುದಿಲ್ಲ. ಇನ್ನೊಂದು ಸಂಗತಿ. ಇನ್‌ಲ್ಯಾಂಡಿನ ಮಡಿಕೆಯಲ್ಲಿ ಬಿಳಿ ಹಿಟ್ಟು ಸಿಕ್ಕಿಕೊಂಡಿತ್ತು. ನಾಲಗೆಗೆ ಹಚ್ಚಿ ನೋಡಿದೆ, ಜೋಳದ್ದು. ಶೈಲಜಾ ತಲೆ ಚಚ್ಚಿಕೊಂಡಳು.

ನನ್ನ ಉತ್ತರಗಳು: ನಡಿಗೆ ಎರಡು ಪಟ್ಟಾಗಿದೆ. ಮೊದಲು ಮನೆಯಲ್ಲಿ ಅಂಗಡಿಯ ಮಾತು ಬಂದು ದನಿ ಏರಿತೆಂದರೆ ನಾನು ಎದ್ದು ಹೋಗಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಈಗ ಬೂಟು ಹಾಕಿಕೊಂಡು ಹೊರಡುತ್ತೇನೆ. ಈ ವಾರ ಎಷ್ಟು ನಡೆದೆನೆಂದು ಕೇಳಬೇಡ, ಅಷ್ಟು ಜಗಳವಾಗಿದೆ. ಊಟ ನವಣೆ. ನಿದ್ದೆ ಐದು ತಾಸು. ಬೆರಳುಗಳು ಹತ್ತೂ ಹಾಜರ್.

ಮಾನ್ವಿ ಯಾಕೆ ಸುನಂದಾ?

ಮರಿಸ್ವಾಮಿ

~

ರಾಯಚೂರು
೧೪ ಜುಲೈ ೨೦೨೫

ಸಿ.ಐ.ಡಿ. ಅಣ್ಣನಿಗೆ,

ತಂಗಿಯ ಪತ್ರವನ್ನು ನೆಕ್ಕಿ ನೋಡಿದ ಅಣ್ಣ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ರಹಸ್ಯ ಇಷ್ಟೇ. ಪಕ್ಕದ ಮನೆಯ ವಾಹಿದಾ ಮಾನ್ವಿಯಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬೆಳಿಗ್ಗೆ ಆರರ ಬಸ್ಸಿಗೆ ಹೋಗುತ್ತಾಳೆ. ಪತ್ರ ಅವಳ ಕೈಗೆ ಕೊಡುತ್ತೇನೆ, ಅವಳು ಅಲ್ಲಿ ಡಬ್ಬಿಗೆ ಹಾಕುತ್ತಾಳೆ. ಹಿಟ್ಟು ನನ್ನ ಕೈಯದು, ರೊಟ್ಟಿ ಮಾಡುವವಳ ಕೈಗೆ ಹಿಟ್ಟು ಹತ್ತದೆ ಅತ್ತರು ಹತ್ತುತ್ತದೆಯೇ?

ನಡಿಗೆ ತಪ್ಪಿಲ್ಲ. ಈಗ ನಲವತ್ತು ನಿಮಿಷಕ್ಕೆ ದಣಿವೇ ಆಗುವುದಿಲ್ಲ. ಮಧ್ಯಾಹ್ನದ ಊಟ ಈಗಷ್ಟೇ ಮುಗಿಯಿತು, ರೊಟ್ಟಿ, ಹೆಸರುಕಾಳಿನ ಪಲ್ಲೆ, ಉಳ್ಳಾಗಡ್ಡಿ. ಹೊಟ್ಟೆ ತಣ್ಣಗಿದೆ, ಗೋಡೆಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ನಿದ್ದೆ ಈಗ ಹಾಸಿಗೆ ಮುಟ್ಟಿದರೆ ಬರುತ್ತದೆ. ಸಿಟ್ಟು, ನಿನ್ನ ಮೇಲೆ, ಇಷ್ಟೊಂದು ಕೇಳುತ್ತೀಯಲ್ಲ ಎಂದು.

ಪಂಚಮಿಗೆ ಇನ್ನು ಎರಡು ವಾರ. ಕರೆಯಲು ಯಾವತ್ತು ಬರುತ್ತೀ? ಉಂಡಿ ನಾನು ಈ ಸಲ ಶೇಂಗಾದ್ದೇ ಕಟ್ಟುತ್ತೇನೆ, ಬೆಲ್ಲ ಅರ್ಧ. ಇಬ್ಬರೂ ಒಂದೊಂದೇ ತಿನ್ನಬೇಕು, ಜೋಕಾಲಿ ಮಾತ್ರ ಎಷ್ಟು ಬೇಕಾದರೂ ಆಡಬಹುದು. ಬಿಗಿ ಬೂಟಿನಲ್ಲಿ ಬರಬೇಡ.

ಸುನಂದಾ

~

ದೇವದುರ್ಗ
೨೨ ಜುಲೈ ೨೦೨೫

ಸುನಂದಾ,

ಹೋದ ಸಲ ಕುತೂಹಲಕ್ಕೆ ಕೇಳಿದ್ದೆ. ಈಗ ಹೆದರಿ ಕೇಳುತ್ತಿದ್ದೇನೆ.

ನಿನ್ನ ಪತ್ರದ ತಾರೀಖು ಹದಿನಾಲ್ಕು. ಮಧ್ಯಾಹ್ನ ಊಟ ಮುಗಿಸಿ ಬರೆಯುತ್ತಿದ್ದೇನೆ ಎಂದು ನೀನೇ ಬರೆದಿದ್ದೀ. ವಾಹಿದಾ ಬೆಳಿಗ್ಗೆ ಆರಕ್ಕೇ ಹೋಗುವವಳು. ಹಾಗಾದರೆ ಆ ಪತ್ರ ಅವಳ ಕೈಗೆ ಸಿಗಬೇಕಾದದ್ದು ಹದಿನೈದರ ಬೆಳಿಗ್ಗೆ. ಮಾನ್ವಿಯ ಮುದ್ರೆಯ ಮೇಲಿರುವ ತಾರೀಖು ಹದಿನಾಲ್ಕು. ಅಂದರೆ ಅವತ್ತು ಮಧ್ಯಾಹ್ನ ಗೋಡೆಗೆ ಒರಗಿ ಕುಳಿತಿದ್ದವಳು ನೀನು, ಆ ಗೋಡೆ ಇದ್ದದ್ದು ಮಾನ್ವಿಯಲ್ಲಿ.

ಅಂಬರೀಶರ ಜೊತೆ ಏನಾಗಿದೆ? ಮನೆ ಬಿಟ್ಟು ಬಂದಿದ್ದೀಯಾ? ಬಿಟ್ಟಿದ್ದರೆ ಅಣ್ಣನ ಮನೆ ಇರುವಾಗ ಮಾನ್ವಿಯಲ್ಲಿ ಯಾರ ಮನೆಯಲ್ಲಿ ಇದ್ದೀ? ನಾನು ಬೈಯುವುದಿಲ್ಲ. ಎಲ್ಲಿ ಇದ್ದೀ ಎಂದು ಹೇಳು, ಅಷ್ಟೇ.

ಪಂಚಮಿಗೆ ಈ ಸಲ ಬರಲಾಗುವುದಿಲ್ಲ. ಮೌನೇಶನ ಅಂಗಡಿಯ ಕೆಲಸ. ಐದು ಸಾವಿರ ಮನಿ ಆರ್ಡರ್ ಮಾಡಿದ್ದೇನೆ, ರಾಯಚೂರಿನ ಮನೆಯ ವಿಳಾಸಕ್ಕೇ. ಖಾಲಿ ಕೂತಿದ್ದ ಹಣ, ಹಬ್ಬಕ್ಕೆ ಇಟ್ಟುಕೋ. ನಿಜ ಹೇಳಬೇಕೆಂದರೆ, ನೀನು ಆ ಮನೆಯಲ್ಲಿ ಇಲ್ಲದಿದ್ದರೆ ಅದು ತಿರುಗಿ ನನಗೇ ಬರುತ್ತದೆ, ಆಗ ನನಗೆ ಗೊತ್ತಾಗುತ್ತದೆ.

ಬೆರಳುಗಳು ಹತ್ತೂ ಹಾಜರ್. ಬಲಗಾಲಿನ ಕಿರಿಯವನಿಗೆ ಸ್ವಲ್ಪ ಶೀತ.

ಮರಿಸ್ವಾಮಿ

~

ರಾಯಚೂರು
೪ ಆಗಸ್ಟ್ ೨೦೨೫

ಅಣ್ಣಾ,

ನಾನು ಮನೆ ಬಿಟ್ಟಿಲ್ಲ. ಇದಕ್ಕಿಂತ ಹೆಚ್ಚು ಈಗ ಕೇಳಬೇಡ.

ನಿನ್ನ ಮನಿ ಆರ್ಡರ್ ಪಂಚಮಿಯ ಹಿಂದಿನ ದಿನ ಬಂತು. ಅಂದು ನಾನು ಮನೆಯಲ್ಲೇ ಇದ್ದೆ, ಉಂಡಿಗೆ ಶೇಂಗಾ ಹುರಿಯುತ್ತಿದ್ದೆ. ಬಾಗಿಲಲ್ಲಿ ಸಪ್ಪಳವಾದಾಗ ನೀನೇ ಬಂದೆ ಎಂದು ಒಲೆ ಆರಿಸಿ ಓಡಿಬಂದೆ. ನಿಂತಿದ್ದವನು ಪೋಸ್ಟ್‌ಮ್ಯಾನ್. ಇವರ ಎದುರಿಗೇ ನೋಟು ಎಣಿಸಿ ನನ್ನ ಕೈಗಿಟ್ಟ. ಅವನು ಹೋದ ಮೇಲೆ ಇವರು, "ನಿಮ್ಮಣ್ಣ ನನಗ ಭಿಕ್ಷಾ ಕಳಿಸ್ಯಾನೇನು? ನೀ ಏನೇನು ಬರದೀ ಅವಗ?" ಎಂದರು. ಹಬ್ಬದ ದಿನ ಉಣ್ಣಲಿಲ್ಲ. ಎರಡು ದಿನ ಮಾತಿಲ್ಲ.

ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ಪಂಚಮಿಯೂ ನೀನು ತಪ್ಪಿಸಿದವನಲ್ಲ. ಬಸ್ ಮುಷ್ಕರದ ವರ್ಷ ಭತ್ತದ ಲಾರಿಯಲ್ಲಿ ಕುಳಿತು ಬಂದು, ತಲೆಯ ತುಂಬ ತೌಡು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಈ ಸಲ ಮಾತ್ರ ಅಂಗಡಿಯ ಕೆಲಸ ಬಂತೇ? ನೀನು ಬರದೆ ಇದ್ದದ್ದು ಅನುಮಾನಕ್ಕೆ. ಮನೆ ಬಿಟ್ಟಳೆಂದುಕೊಂಡ ತಂಗಿಯನ್ನು ತವರಿಗೆ ಕರೆದರೆ ಜನ ಏನಾದರೂ ಅಂದಾರು ಎಂಬ ಅಂಜಿಕೆಗೆ. ಹೌದು ತಾನೇ?

ಹಣ ಮುಟ್ಟಿಲ್ಲ. ಜೋಳದ ಡಬ್ಬಿಯ ತಳದಲ್ಲಿದೆ. ನೀನು ಬಂದ ದಿನ ನಿನ್ನ ಕೈಗೇ ಕೊಡುತ್ತೇನೆ.

ನಡಿಗೆ, ಊಟ ಸರಿ ಇವೆ. ನಿದ್ದೆ ಇಲ್ಲ. ಸಿಟ್ಟು ಯಾರ ಮೇಲೆಂದು ಬೇರೆ ಬರೆಯಬೇಕಿಲ್ಲ.

ಸುನಂದಾ

~

ದೇವದುರ್ಗ
೨೫ ಆಗಸ್ಟ್ ೨೦೨೫

ಸುನಂದಾ,

ಉತ್ತರ ತಡವಾಯಿತು. ಎಲ್ಲ ಕ್ಷೇಮ. ನಡಿಗೆ ದಿನಾ ಆರು ಸಾವಿರ ಹೆಜ್ಜೆ. ಊಟ ಸರಿಯಾಗಿದೆ. ನಿದ್ದೆ ಏಳು ತಾಸು. ಸಿಟ್ಟು ಯಾರ ಮೇಲೂ ಇಲ್ಲ.

ಪಂಚಮಿಗೆ ನಿಜವಾಗಿ ಕೆಲಸವಿತ್ತು. ತಪ್ಪು ತಿಳಿಯಬೇಡ. ಹಣ ಖರ್ಚು ಮಾಡಿಕೋ. ಡಾಕ್ಟರ ಹತ್ತಿರ ಈ ತಿಂಗಳು ಬರಲಾಗಲಿಲ್ಲ, ಮುಂದಿನ ತಿಂಗಳು ನೋಡೋಣ.

ಮರಿಸ್ವಾಮಿ

~

ಮಾನ್ವಿ
೧ ಸೆಪ್ಟೆಂಬರ್ ೨೦೨೫, ಸೋಮವಾರ

ಅಣ್ಣಾ,

ತಲೆಯ ಮೇಲಿನ ಊರಿನ ಹೆಸರು ನೋಡಿದೆಯಲ್ಲ. ಈ ಸಲ ಮುದ್ರೆಯೂ ಪತ್ರವೂ ಒಂದೇ ಮಾತು ಹೇಳುತ್ತವೆ.

ಅಪ್ಪನ ಪಾಠ ನಿನಗೊಬ್ಬನಿಗೇ ನೆನಪಿದೆ ಎಂದುಕೊಂಡೆಯಾ? ನಿನ್ನ ಪತ್ರಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕುಳಿತಿದ್ದೇನೆ. ಜೂನ್, ಜುಲೈನವುಗಳ ಮೇಲೆ ದೇವದುರ್ಗದ ಮುದ್ರೆ ಬಳೆಯ ಹಾಗೆ ದುಂಡಗೆ, ಒಂದಕ್ಷರ ಅಲುಗದೆ ಬಿದ್ದಿದೆ. ನೀನೇ ಕಿಟಕಿಯ ಮುಂದೆ ನಿಂತು "ಸ್ವಲ್ಪ ಚೊಕ್ಕ ಹೊಡೀರಿ" ಎಂದು ಹೊಸ ಗುಮಾಸ್ತನ ಪ್ರಾಣ ತಿಂದಿರುತ್ತೀ, ನನಗೆ ಗೊತ್ತಿಲ್ಲವೇ. ಆಗಸ್ಟಿನ ಪತ್ರದ ಮೇಲೆ ಅರ್ಧ ಬಳೆ. ಶಾಯಿ ಹರಡಿ 'ದುರ್ಗ' ಒಂದೇ ಉಳಿದಿದೆ. ಅದನ್ನು ನೀನು ಹಾಕಿಲ್ಲ. ಯಾರೋ ಡಬ್ಬಿಗೆ ಒಗೆದು ಹೋಗಿದ್ದಾರೆ. ದಿನಾ ಆರು ಸಾವಿರ ಹೆಜ್ಜೆ ನಡೆಯುವ ಮನುಷ್ಯನಿಗೆ ಅಂಚೆ ಕಚೇರಿ ದೂರವಾಯಿತೇ?

ಬೆರಳುಗಳ ಹಾಜರಿ ಇಲ್ಲ. ಶೀತವಾಗಿದ್ದ ಕಿರಿಯವನ ಸುದ್ದಿ ಇಲ್ಲ. ಸಿಟ್ಟು ಯಾರ ಮೇಲೂ ಇಲ್ಲವಂತೆ! ಅಣ್ಣಾ, ಹುಟ್ಟಿದಾಗಿನಿಂದ ಇಲ್ಲಿಯವರೆಗೆ ನೀನು ಒಂದು ತಿಂಗಳು ಸಿಟ್ಟಾಗದೆ ಇದ್ದದ್ದು ಉಂಟೇ? ಅತ್ತಿಗೆಗೆ ಫೋನ್ ಮಾಡಿದೆ. "ಅವರನ್ನೇ ಕೇಳ್ರಿ" ಎಂದಳು. ನೀನು ಪಕ್ಕದಲ್ಲಿ ಕಣ್ಣು ಬಿಡುತ್ತ ಕುಳಿತಿರಬೇಕು.

ನೀನು ಹೇಳಬೇಕೆಂದರೆ ಮೊದಲು ನಾನು ಹೇಳಬೇಕು. ಹೇಳುತ್ತೇನೆ.

ಮಾನ್ವಿಯಲ್ಲಿ ಬಡೇಬೀ ಎಂಬುವರು ಮನೆಯಲ್ಲೇ ರೊಟ್ಟಿ ಮಾಡಿಸಿ ಖಾನಾವಳಿಗಳಿಗೆ, ಆಫೀಸಿನವರಿಗೆ ಕೊಡುತ್ತಾರೆ. ಮಾರ್ಚಿನಿಂದ ನಾನು ಅಲ್ಲಿ ರೊಟ್ಟಿ ಬಡಿಯುತ್ತೇನೆ. ವಾಹಿದಾ ಹೋಗುವುದೂ ಅಲ್ಲಿಗೇ, ನನ್ನನ್ನು ಸೇರಿಸಿದವಳೂ ಅವಳೇ. ರಾಯಚೂರಿನಲ್ಲೇ ಮಾಡಿದ್ದರೆ ಮಿಲ್ಲಿನವರ ಮನೆಗಳಿಗೆಲ್ಲ ಸಂಜೆಯೊಳಗೆ ಸುದ್ದಿ ಮುಟ್ಟುತ್ತಿತ್ತು. ಇವರು ಒಂದೇ ಮಾತು ಹೇಳಿ ಒಪ್ಪಿದ್ದರು: "ಮಾಡು, ಆದ್ರ ನಿನ್ನ ತವರಿಗೆ ತಿಳೀಬಾರದು." ಅದಕ್ಕೇ ಮುಚ್ಚಿಟ್ಟೆ. ಇನ್ನೊಂದು ಅಂಜಿಕೆಯೂ ಇತ್ತು. ನಿನಗೆ ತಿಳಿದರೆ ಪಿಂಚಣಿ ಹಣ ಕಳಿಸುತ್ತೀ ಎಂದು. ತಿಳಿಯದೆಯೇ ಕಳಿಸಿದೆ.

ನಡಿಗೆಯ ಮಾತು ಮಾತ್ರ ಸುಳ್ಳಲ್ಲ, ಕೆರೆ ಸುಳ್ಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಟಿಕೆಟಿನ ದುಡ್ಡು ಕೊಡಬೇಕಿಲ್ಲ. ಇಳಿದ ಮೇಲೆ ಆಟೋ ಹತ್ತದೆ ಇಪ್ಪತ್ತು ನಿಮಿಷ ನಡೆದು ಹೋಗುತ್ತೇನೆ, ಇಪ್ಪತ್ತು ನಿಮಿಷ ನಡೆದು ಬರುತ್ತೇನೆ. ಕಾಲುವೆಗೆ ನೀರು ಬಂದಿದೆ. ಕಲ್ಮಲ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ನಾಟಿ ಗದ್ದೆ, ಬಗ್ಗಿದ ಹೆಂಗಸರು, ಅವರ ಹಿಂದೆ ಕೊಕ್ಕರೆಗಳ ಸಾಲು. ದಿನಾ ನೋಡುತ್ತೇನೆ, ಬೇಸರವೇ ಬರುವುದಿಲ್ಲ. ಮನೆಯ ಚಿಂತೆಯನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತೇನೆ. ಬಡೇಬೀ, "ಸುನಂದವ್ವಾ, ಇವತ್ತು ಮನ್ಯಾಗ ಜೋರು ನಡದದ ಕಾಣ್ತದ, ರೊಟ್ಟಿ ಕಾಗದದಂಗ ಆಗ್ಯಾವು" ಎಂದು ನಗುತ್ತಾರೆ. ಆಗಸ್ಟಿನಲ್ಲಿ ನಾನು ಡಾಕ್ಟರಿಗೆ ತೋರಿಸಿಕೊಂಡೆ. ಶುಗರ್ ಇಳಿದಿದೆ. ಒಂದು ಗುಳಿಗೆ ಅರ್ಧಕ್ಕೆ ಬಂದಿದೆ. ಈ ಖುಷಿಯನ್ನು ನಿನಗೆ ಹೇಳಲಾರದೆ ಒದ್ದಾಡಿದ್ದೇನೆ.

ನನ್ನದು ಮುಗಿಯಿತು. ಈಗ ನಿನ್ನದು. ಬೆರಳುಗಳು ಎಷ್ಟು ಹಾಜರ್? ಐದು ದಿನ ಕಾಯುತ್ತೇನೆ, ಆರನೆಯ ದಿನ ನಿನ್ನ ಬಾಗಿಲಲ್ಲಿ ಇರುತ್ತೇನೆ.

ಸುನಂದಾ

~

ದೇವದುರ್ಗ
೩ ಸೆಪ್ಟೆಂಬರ್ ೨೦೨೫, ಬೆಳಿಗ್ಗೆ

ತಂಗಿ,

ಇದರ ಮೇಲೆ ಮುದ್ರೆ ಹುಡುಕಬೇಡ, ಇರುವುದಿಲ್ಲ. ನಿನ್ನ ಪತ್ರ ಈಗ ಬಂತು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಇಲಾಖೆಗೆ ದ್ರೋಹ ಮಾಡುತ್ತಿದ್ದೇನೆ. ಪೀರಾ ಸಾಬ್ ಇದನ್ನು ಮಾನ್ವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾನೆ. ಆಗಸ್ಟಿನ ಪತ್ರ ಡಬ್ಬಿಗೆ ಹಾಕಿದವನೂ ಅವನೇ. ನೀನು ರೊಟ್ಟಿ ಬುಟ್ಟಿ ಮುಚ್ಚುವ ಹೊತ್ತಿಗೆ ಸಿಗಬಹುದು.

ಬೂಟು ಬಿಗಿ ಎಂದಿದ್ದೆನಲ್ಲ. ಜುಲೈನಲ್ಲಿ ಒಂದು ದಿನ ಮನೆಯಲ್ಲಿ ಮಾತು ಬಹಳ ಬೆಳೆಯಿತು. ನಾನು ಹೊರಟು ತಿರುಗಾಡಿ ತಿರುಗಾಡಿ ಬಂದೆ. ಬೂಟು ಬಿಚ್ಚಿದಾಗ ಕಾಲುಚೀಲಕ್ಕೆ ರಕ್ತ. ನೋವೇ ಇರಲಿಲ್ಲ. ನೋವಿಲ್ಲದ್ದು ಗಾಯವೇ ಅಲ್ಲ ಎಂದುಕೊಂಡೆ. ಅರಿಶಿನ ಹಚ್ಚಿದೆ. ಮರುದಿನವೂ ನಡೆದೆ, ಅದರ ಮರುದಿನವೂ. ನಡೆದರೆ ಒಳ್ಳೆಯದಾಗುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ! ಪಂಚಮಿಗೆ ಬರಬೇಕೆಂದು ಮೊದಲೇ ಚೀಲ ತುಂಬಿ ಇಟ್ಟಿದ್ದೆ ಸುನಂದಾ. ಕಾಲು ಊದಿತು, ಬರಲಾರೆನೆಂಬ ಪತ್ರ ಹೋಗಿ ಹಾಕಿ ಬಂದ ಮೇಲೆ ಚಪ್ಪಲಿಗೆ ಕಾಲೇ ಹೋಗಲಿಲ್ಲ. ನೀನು ತಿಳಿದಂತೆ ಅನುಮಾನಕ್ಕಲ್ಲ. ನಿನ್ನ ಮೇಲೆ ಅನುಮಾನ ಪಡುವಷ್ಟು ಕೆಟ್ಟಿಲ್ಲ ನಾನು.

ಆ ಐದು ಸಾವಿರ ಖಾಲಿ ಕೂತ ಹಣವಲ್ಲ. ಆಗಸ್ಟಿನಲ್ಲಿ ಡಾಕ್ಟರಿಗೆ ತೋರಿಸಲು ತೆಗೆದಿಟ್ಟದ್ದು. ನೀನು ಬೀದಿಯಲ್ಲಿದ್ದೀ ಎಂದು ತಿಳಿದು ಕಳಿಸಿಬಿಟ್ಟೆ. ಮೌನೇಶನಿಗೆ ಗಾಯದ ಸುದ್ದಿ ಹೇಳಿಲ್ಲ, ಅವನು ಕೊಡಿಸಿದ ಬೂಟು. ಶೈಲಜಾ ಮಾತ್ರ ಬಲ್ಲಳು, ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಕಿರಿಬೆರಳು ಕಪ್ಪಾಗಿದೆ. ನಿನ್ನೆಯಿಂದ ಜ್ವರ. ನನಗೆ ಹೆದರಿಕೆಯಾಗಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮರಿಸ್ವಾಮಿ

~

ಮಾನ್ವಿ
೩ ಸೆಪ್ಟೆಂಬರ್ ೨೦೨೫, ಮಧ್ಯಾಹ್ನ

ಅಣ್ಣಾ,

ಈ ಚೀಟಿ ಅದೇ ಕಂಡಕ್ಟರ್ ಕೈಯಲ್ಲಿ. ಫೋನ್ ಮಾಡಿದೆ, ಅತ್ತಿಗೆ ಅತ್ತಳು, ನೀನು ಆಗಲೂ "ಆರಾಮ" ಎಂದೆ. ಸಾಕಿನ್ನು.

ಇವರಿಗೂ ಫೋನಿನಲ್ಲಿ ಎಲ್ಲ ಹೇಳಿದೆ. ಕೂಡಲೇ, "ಆ ರೊಕ್ಕ ಯಾವ ಡಬ್ಬ್ಯಾಗ ಇಟ್ಟೀ?" ಎಂದರು. ಈಗ ಅದನ್ನು ತಗೊಂಡು ಕಾರು ಮಾಡಿಕೊಂಡು ರಾಯಚೂರಿನಿಂದ ಹೊರಟಿದ್ದಾರೆ. ನಾನು ಇಲ್ಲಿಂದ ನೇರವಾಗಿ ರಾಯಚೂರಿನ ಆಸ್ಪತ್ರೆಗೆ ಹೋಗಿ ಕಾಯುತ್ತೇನೆ. ಪಂಚಮಿಗೆ ತುಂಬಿಟ್ಟ ಚೀಲ ಬಿಚ್ಚಿರದಿದ್ದರೆ ಅದನ್ನೇ ಹಿಡಿದುಕೊಂಡು ಬಾ.

ಇಪ್ಪತ್ತಾರು ವರ್ಷ ನೀನು ಕರೆಯಲು ಬಂದೆ. ಈ ಸಲ ನಮ್ಮ ಮನೆಯವರು ಕರೆಯಲು ಬರುತ್ತಿದ್ದಾರೆ. ಜಿಗುಟು ಮಾಡಬೇಡ.

ಸುನಂದಾ

~

ರಾಯಚೂರು, ಆಸ್ಪತ್ರೆ
೨೪ ಸೆಪ್ಟೆಂಬರ್ ೨೦೨೫, ಬುಧವಾರ

ತಂಗಿ ಸುನಂದಾ,

ದಿನಾ ಸಂಜೆ ಬಂದು ಮಂಚದ ಪಕ್ಕ ಕೂರುವ ನಿನಗೆ ಪತ್ರ ಯಾಕೆ ಎನ್ನಬೇಡ. ಎದುರಿಗೆ ಕುಳಿತಾಗ ನಾವಿಬ್ಬರೂ ಮತ್ತೆ ಅದೇ "ಆರಾಮ" ಶುರು ಮಾಡಿದ್ದೇವೆ.

ಮೊದಲು ಹಾಜರಿ. ಬೆರಳುಗಳು ಒಂಬತ್ತು ಹಾಜರ್. ಒಬ್ಬ ನಿವೃತ್ತ. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮಾತು ಬೇರೆ ಇತ್ತು ಎಂದು ಡಾಕ್ಟರು ಇವತ್ತು ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತೆ. ಬರೆದಿದ್ದೇನೆ, ನೋಡು, ಮುಚ್ಚಿಡಲಿಲ್ಲ.

ಊಟ ನಿನ್ನ ಬುತ್ತಿ. ನಿದ್ದೆ ನಾಲ್ಕು ತಾಸು, ಪಕ್ಕದ ಮಂಚದವರ ಗೊರಕೆ. ಸಿಟ್ಟು ನನ್ನ ಮೇಲೆಯೇ. ಮೌನೇಶ ಮೊನ್ನೆ ಬಂದವನು ನನ್ನ ಕಾಲು ನೋಡಿ, "ಬಿಗಿ ಅದ ಅಂತ ಒಂದು ಮಾತು ಹೇಳಿದ್ರ ಬದಲ್ ಮಾಡಿಸ್ತಿದ್ದಿಲ್ಲೇನಪ್ಪಾ" ಎಂದ. ಒಂದು ಮಾತು. ನಾನು ಅದರ ಬದಲು ಊರೆಲ್ಲ ತಿರುಗಿದೆ.

ಅಂಬರೀಶರು ಹಗಲೆಲ್ಲ ಇಲ್ಲೇ. ಇಸ್ತ್ರಿ ಅಂಗಿ ಹಾಕಿಕೊಂಡು ಏಳಕ್ಕೆ ಸರಿಯಾಗಿ ಹಾಜರಾಗುತ್ತಾರೆ, ನನ್ನ ಗುಳಿಗೆಗಳಿಗೆಲ್ಲ ಅವರೇ ಗುಮಾಸ್ತರು. ನರ್ಸಮ್ಮನಿಗೂ ಅವರೆಂದರೆ ಅಂಜಿಕೆ. ಇವತ್ತು ಈ ಇನ್‌ಲ್ಯಾಂಡಿನ ಹೊರಗೆ ನಾನು ವಿಳಾಸ ಬರೆಯುವುದನ್ನು ನೋಡುತ್ತ ಕುಳಿತಿದ್ದರು. 'ಸುನಂದಾ, ರೊಟ್ಟಿ ಬಡಿಯುವವರು, ಬಡೇಬೀ ಅವರ ಮನೆ, ಮಾನ್ವಿ' ಎಂದು ಬರೆದೆ. ಇಡೀ ಇಲಾಖೆ ಓದಲಿ. ಅವರಿಗೆ ಏನನ್ನಿಸುತ್ತದೋ ಎಂದು ಕೈ ತಡೆಯಿತು. ಅವರು ಒಂದೊಂದೇ ಅಕ್ಷರ ಓದಿ, "ಮುಂದ 'ಶ್ರೀಮತಿ' ಅಂತ ಹಾಕ್ರಿ" ಎಂದರು. ಹಾಕಿದ್ದೇನೆ, ನೋಡಿಕೋ.

ಇನ್ನು ಉಳಿದದ್ದು ನಡಿಗೆ. ವಾರ್ಡಿನ ಬಾಗಿಲಿನಿಂದ ಗೇಟಿನ ಹತ್ತಿರದ ಕೆಂಪು ಡಬ್ಬಿಯವರೆಗೆ ಹೋಗಿಬರಲು ಡಾಕ್ಟರು ಇವತ್ತು ಒಪ್ಪಿದ್ದಾರೆ, ದಪ್ಪ ಅಟ್ಟೆಯ ಅಗಲ ಚಪ್ಪಲಿಯಲ್ಲಿ, ಅಂಬರೀಶರ ಹೆಗಲು ಹಿಡಿದು. ನಿನ್ನೆ ಅವರು ಅಳೆದು ಬಂದರು, ನೂರಾ ಹನ್ನೆರಡು ಹೆಜ್ಜೆ. ಡಬ್ಬಿಗೆ ಹಾಕಿದ ಪತ್ರಕ್ಕೆ ಕಿಟಕಿಯ ಮುಂದೆ ನಿಂತು ಚೊಕ್ಕ ಮುದ್ರೆ ಹಾಕಿಸಲಾಗುವುದಿಲ್ಲ. ಶಾಯಿ ಹರಡಿರಬಹುದು, ಅರ್ಧವೇ ಬಿದ್ದಿರಬಹುದು.

ಈ ಸಲ ಅದನ್ನು ನೋಡಿ ಅನುಮಾನ ಪಡಬೇಡ. ನಾನೇ ನಡೆದು ಹೋಗಿ ಹಾಕಿದ್ದೇನೆ.

ಮರಿಸ್ವಾಮಿ